ಹುಕ್ಕೇರಿಯವನ ಮೀನು

ಕಶೇರುಕಗಳ ಪಾಠ ಮೀನಿನವರೆಗೆ ಬಂದ ದಿನ ನಾನು ಪುಸ್ತಕ ಮುಚ್ಚಿಡುತ್ತಿದ್ದೆ. ಗೋಕಾಕದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದ ವರ್ಷಗಳಲ್ಲಿ ಇದೊಂದು ಪದ್ಧತಿಯೇ ಆಗಿಹೋಗಿತ್ತು. ಹಿಂದಿನ ವರ್ಷದವರು ಮುಂದಿನವರಿಗೆ ಹೇಳಿಟ್ಟಿರುತ್ತಿದ್ದರು. ಹಿಂದಿನ ಬೆಂಚಿನಿಂದ ಯಾರಾದರೊಬ್ಬ, “ಸರ್, ಆ ಸಮುದ್ರದ್ದು ಹೇಳ್ರಿ” ಎನ್ನುವನು. ನಾನು ಒಲ್ಲದವನಂತೆ ಗಡಿಯಾರ ನೋಡಿ, ಸೀಮೆಸುಣ್ಣ ಕೆಳಗಿಟ್ಟು ಶುರು ಮಾಡುವೆ.

ಲಕ್ಷದ್ವೀಪದ ಒಂದು ಸಣ್ಣ ದ್ವೀಪ. ಬೆನ್ನಿಗೆ ಗಾಳಿಯ ಸಿಲಿಂಡರು, ಬಾಯಲ್ಲಿ ರಬ್ಬರಿನ ಕೊಳವೆ. ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇರುವಾಗ ದೋಣಿಯಿಂದ ನೀರಿಗೆ ಬಿದ್ದು, ಹಗ್ಗ ಹಿಡಿದು ಹವಳದ ದಿಬ್ಬದ ತನಕ ಇಳಿದಿದ್ದೇನೆ. ಮೂಡಲಗಿಯ ಸಂತೆ ಮುರಿಯುವ ಹೊತ್ತನ್ನು ನೋಡಿದ್ದೀರಲ್ಲ, ಹಾಗಿರುತ್ತದೆ ಅಲ್ಲಿ. ಹಗಲಿನ ಮೀನುಗಳೆಲ್ಲ ಕೊನೆಯ ಬಸ್ಸು ಹಿಡಿಯುವವರಂತೆ ಅವಸರದಲ್ಲಿರುತ್ತವೆ. ಚಿಟ್ಟೆಮೀನು ಜೋಡಿಜೋಡಿಯಾಗಿ ಸಂದಿ ಹುಡುಕುತ್ತದೆ. ಗಿಳಿಮೀನು ತನ್ನ ಲೋಳೆಯನ್ನೇ ಚಾದರದಂತೆ ಹೊದ್ದು ಕಲ್ಲಿನ ಮಗ್ಗುಲಲ್ಲಿ ಒರಗುತ್ತದೆ. ಆಮೇಲೆ ಒಂದಷ್ಟು ಹೊತ್ತು ಬಯಲಿನಲ್ಲಿ ಯಾರೂ ಇರುವುದಿಲ್ಲ. ಹಗಲಿನವರು ಹೋಗಿದ್ದಾರೆ, ರಾತ್ರಿಯವರು ಬಂದಿಲ್ಲ. ಆಗ ಒಂದು ಹವಳದ ಬುಡದಿಂದ ಹೆಬ್ಬೆರಳಿಗಿಂತ ಉದ್ದವಿಲ್ಲದ ಎರಡು ಮೀನು ಹೊರಬರುತ್ತವೆ. ಕೆಂಡದಂಥ ಕೆಂಪು ಮೈ, ರೆಕ್ಕೆಯಂಚಿಗೆ ನೀಲಿ ದಾರ. ಒಂದನ್ನೊಂದು ಸುತ್ತುತ್ತವೆ. ಗಂಡು ತನ್ನ ಮೂತಿಯನ್ನು ಹೆಣ್ಣಿನ ಹೊಟ್ಟೆಗೆ ತಾಗಿಸಿ ಅದನ್ನು ಮೆಲ್ಲಗೆ ಮೇಲಕ್ಕೆ ಒಯ್ಯುತ್ತದೆ. ಎರಡೂ ನೀರಿನಲ್ಲಿ ನಿಂತಂತೆ ಕಾಣುತ್ತವೆ. ಒಂದು ಚಿಟಿಕೆಯಷ್ಟು ಬಿಳಿ ಹೊಗೆ. ಅದು ಮೊಟ್ಟೆ. ಕಣ್ಣು ಮಿಟುಕಿಸುವುದರೊಳಗೆ ಎರಡೂ ಕೆಳಗೆ, ಸಂದಿಯೊಳಗೆ.

“ಅಷ್ಟೇ,” ಎಂದು ನಾನು ಸೀಮೆಸುಣ್ಣ ಎತ್ತಿಕೊಳ್ಳುತ್ತಿದ್ದೆ. “ಹೊತ್ತು ಮುಳುಗಿತು.”

ತರಗತಿ ಸ್ತಬ್ಧವಾಗಿರುತ್ತಿತ್ತು. ಆ ಸ್ತಬ್ಧತೆಗಾಗಿಯೇ ನಾನು ವರ್ಷವಿಡೀ ಆ ಕೆಲಸದಲ್ಲಿ ಉಳಿದಿದ್ದೆ ಎಂದರೆ ಸುಳ್ಳಲ್ಲ. ಸಂಶೋಧನೆ ಅರ್ಧಕ್ಕೆ ನಿಂತವನಿಗೆ, ಹೆಸರಿನ ಮುಂದೆ ಡಾಕ್ಟರ್ ಅನ್ನಿಸಿಕೊಳ್ಳದವನಿಗೆ, ನೋಟ್ಸ್ ಬರೆಸುವುದೇ ಬದುಕಾದವನಿಗೆ ಆ ಎರಡು ಮೀನು ಬಿಟ್ಟರೆ ಹೇಳಿಕೊಳ್ಳಲು ಬೇರೆ ಏನಿತ್ತು?

ಆ ಮೀನನ್ನು ನಾನು ಕಂಡಿದ್ದೆನೋ ಇಲ್ಲವೋ ನನಗೆ ಈಗ ಗೊತ್ತಿಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ನಾನೂ ನನ್ನೊಬ್ಬ ಗೆಳೆಯನೂ ಆ ದ್ವೀಪಕ್ಕೆ ಹೋದದ್ದಂತೂ ಖಂಡಿತ. ಇದನ್ನು ಒಪ್ಪುವವರು ಇನ್ನೂ ಇಬ್ಬರಿದ್ದೇವೆ. ನಾನು ಮೂಡಲಗಿಯ ಜೈನರ ಮನೆಯವನು; ಅವನು ಹುಕ್ಕೇರಿಯ ಲಿಂಗಾಯತ ವ್ಯಾಪಾರಿಗಳ ಮಗ. ಧಾರವಾಡದಲ್ಲಿ ಒಟ್ಟಿಗೆ ಎಂ.ಎಸ್ಸಿ. ಓದಿದೆವು. ಹವಳದ ದಿಬ್ಬದ ಮೀನುಗಳನ್ನು ಎಣಿಸುವ ಒಂದು ಯೋಜನೆಗೆ ಈಜು ಬರುವ ಹುಡುಗರು ಬೇಕಾಗಿದ್ದರು. ನಾನು ಕಲ್ಲೋಳಿಯಲ್ಲಿ ಸೋದರಮಾವನ ಹೊಲದ ಬಾವಿಯಲ್ಲಿ ಈಜು ಕಲಿತವನು, ಅವನು ಹಿರಣ್ಯಕೇಶಿ ಹೊಳೆಯಲ್ಲಿ. ಅಷ್ಟೇ ನಮ್ಮ ಅರ್ಹತೆ. ಉಸಿರಾಡುವ ಸಲಕರಣೆ ಕಟ್ಟಿಕೊಳ್ಳುವುದನ್ನು ಅಲ್ಲೇ ಹೋಗಿ ಕಲಿತೆವು.

ಇಬ್ಬರೂ ಹುಟ್ಟಿನಿಂದ ಮೀನು ಮುಟ್ಟದವರು. ದ್ವೀಪದಲ್ಲಿ ಅಡುಗೆಯವನಿಗೆ ಇದು ನಗುವಿನ ವಿಷಯವಾಗಿತ್ತು. ಅವನು ಮಲಯಾಳದಲ್ಲಿ ಏನೋ ಹೇಳಿ ಹೊಟ್ಟೆ ಹಿಡಿದುಕೊಂಡು ನಗುವನು. ನನ್ನ ಗೆಳೆಯ ಆ ಭಾಷೆ ತನಗೆ ಬರುತ್ತದೆಂಬಂತೆ ನನಗೆ ಅನುವಾದಿಸುವನು: “ಇವರಿಬ್ರು ಎಣಿಸಾಕ ಛಲೋ ಅಂತಾನ. ಲೆಕ್ಕಾ ಕಮ್ಮಿ ಬಂದ್ರ ಇವರ ತಿಂದಾರು ಅನ್ನೂ ಸಂಶಯ ಇಲ್ಲಂತ.”

ಗೆಳೆಯನ ಕೊರಳಲ್ಲಿ ಲಿಂಗವಿತ್ತು. ಅದನ್ನು ತೆಗೆದಿಟ್ಟು ನೀರಿಗಿಳಿ ಎಂದು ಕಲಿಸುವಾತ ಮೊದಲ ದಿನವೇ ಹೇಳಿದ. “ಇದನ್ನ ತಗದ್ರ ನಾ ಉಸಿರಾಡಿದ್ರೇನು, ಬಿಟ್ರೇನು” ಎಂದು ಇವನು ಅದನ್ನು ವಸ್ತ್ರದಲ್ಲಿ ಸುತ್ತಿ ರಟ್ಟೆಗೆ ಕಟ್ಟಿಕೊಂಡು, ಮೇಲೆ ರಬ್ಬರಿನ ಅಂಗಿ ಎಳೆದುಕೊಂಡ. ನಾನು ನಕ್ಕೆ. ನನಗೆ ಆಗ ದೇವರು, ವ್ರತ, ಕರ್ಮ ಯಾವುದರಲ್ಲೂ ನಂಬಿಕೆಯಿರಲಿಲ್ಲ, ಈಗಲೂ ಇಲ್ಲ. ಆದರೆ ನಗುವ ಹಕ್ಕು ನನಗೆ ಪೂರ್ತಿ ಇರಲಿಲ್ಲ. ಹೊರಡುವ ಮುನ್ನ ನಮ್ಮವ್ವ ನನ್ನಿಂದ ಒಂದು ಮಾತು ತೆಗೆದುಕೊಂಡಿದ್ದಳು. ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕಬಾರದು. ಮನೆಯಲ್ಲಿ ಎಲ್ಲರೂ ಪಾಲಿಸುತ್ತಿದ್ದ ನಿಯಮ. ಕತ್ತಲಲ್ಲಿ ಕಣ್ಣಿಗೆ ಕಾಣದ ಜೀವ ಅನ್ನದ ಜೊತೆ ಒಳಗೆ ಹೋದೀತು ಎಂದು. ನೀರೂ ಇಲ್ಲ. “ದೇವರಿಗೆ ಕೊಡಬ್ಯಾಡ ಮಾತಾ. ನನಗ ಕೊಡು” ಎಂದಳು. ಕೊಟ್ಟೆ. ದೇವರಿಗೆ ಕೊಟ್ಟಿದ್ದರೆ ಕಾರವಾರ ದಾಟುವುದರೊಳಗೆ ಮುರಿಯುತ್ತಿದ್ದೆ.

ಇಳಿಯುವ ಸಲಕರಣೆ ಇದ್ದದ್ದು ಎರಡು ಜೊತೆ ಮಾತ್ರ. ಒಂದು ನಮ್ಮ ಮೇಲಿನವರದ್ದು, ಗೋವೆಯ ಕಡೆಯ ವಿಜ್ಞಾನಿ. ಇನ್ನೊಂದನ್ನು ನಾವಿಬ್ಬರು ಸರದಿಯಲ್ಲಿ ಹಾಕಿಕೊಳ್ಳಬೇಕು. ಒಬ್ಬ ಇಳಿದರೆ ಇನ್ನೊಬ್ಬ ದೋಣಿಯವನ ಜೊತೆ ಮೇಲೆ ಕುಳಿತು ಗುಳ್ಳೆ ನೋಡುತ್ತಿರಬೇಕು. ಕೆಳಗಿನವರ ಉಸಿರು ಗುಳ್ಳೆಯಾಗಿ ಬಂದು ಒಡೆಯುತ್ತಿರುವವರೆಗೆ ಅವರು ಬದುಕಿದ್ದಾರೆ.

ಹಗಲಿನ ಇಳಿತ ಬಹಳ ಆದವು. ಸಂಜೆಯದು ಅಪರೂಪ, ಗಾಳಿ, ಅಲೆ, ಎಣ್ಣೆ ಎಲ್ಲ ಕೂಡಿಬರಬೇಕು. ನನಗೆ ಸಂಜೆಯ ಇಳಿತವೆಂದರೆ ಉಪವಾಸ. ಉಂಡು ಇಳಿದರೆ ವಾಂತಿ. ಮೇಲೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಮರುದಿನ ಬೆಳಗಿನತನಕ ನೀರೂ ಕುಡಿಯದೆ ಬಿದ್ದುಕೊಳ್ಳಬೇಕು. ಉಪ್ಪುನೀರು ಕುಡಿದ ಬಾಯಿಗೆ ಅದೆಷ್ಟು ಕಷ್ಟವೆಂದು ಕುಡಿದವರಿಗೇ ಗೊತ್ತು.

ಆ ಸಂಜೆಯ ಬಗ್ಗೆ ನನಗೆ ನೆನಪಿದ್ದದ್ದು ಹೀಗೆ. ಅವತ್ತು ಸರದಿ ಅವನದು. ಅವನಿಗೆ ನೆಗಡಿ. ನೆಗಡಿಯಲ್ಲಿ ಇಳಿದರೆ ಕಿವಿಯೊಳಗಿನ ಒತ್ತಡ ಹೊರಗಿನದಕ್ಕೆ ಸರಿಹೊಂದುವುದಿಲ್ಲ, ಕಿವಿಯ ತಮಟೆ ಹರಿಯಬಹುದು. ಆದ್ದರಿಂದ ಸರದಿ ಬದಲಾಯಿಸಿಕೊಂಡೆವು. ನಾನು ಇಳಿದೆ, ಮೀನು ಕಂಡೆ. ಮುಂದಿನ ವಾರವೋ ಯಾವಾಗಲೋ ಅವನು ಇಳಿದಾಗ ತಮಟೆ ಹರಿಯಿತು. ಅವನು ಹುಕ್ಕೇರಿಗೆ ಮರಳಿ ಮನೆಯ ಅರಿವೆ ಅಂಗಡಿಯಲ್ಲಿ ಕುಳಿತ. ನಾನು ಯೋಜನೆ ಮುಗಿಯುವವರೆಗೆ ಇದ್ದು, ಕೈಯಲ್ಲಿ ಏನೂ ಇಲ್ಲದೆ ಗೋಕಾಕಕ್ಕೆ ಬಂದೆ.

ಇದು ನೀಟಾದ ನೆನಪು. ಎಲ್ಲಿಯೂ ತೂತಿಲ್ಲ. ಅಷ್ಟು ನೀಟಾಗಿದ್ದದ್ದಕ್ಕೇ ನಾನು ಸಂಶಯಪಡಬೇಕಿತ್ತು. ಸಂಶಯಪಡುವುದನ್ನೇ ನಾನು ಓದಿ ಕಲಿತದ್ದು. ಆದರೆ ಕಲಿತದ್ದನ್ನು ಅಕ್ಕಪಕ್ಕದವರ ಮೇಲೆ ಪ್ರಯೋಗಿಸುತ್ತ ಬಂದೆ, ಮನೆಯವರ ಪೂಜೆಯ ಮೇಲೆ, ನೆರೆಯವರ ಭವಿಷ್ಯವಾಣಿಯ ಮೇಲೆ. ನನ್ನ ತಲೆಯೊಳಗಿನ ಸರಕು ಖರೆ ಎಂದೇ ಇಟ್ಟುಕೊಂಡೆ.

ವರ್ಷಗಳು ಕಳೆದವು. ನಾವು ವರ್ಷಕ್ಕೊಮ್ಮೆ ಭೇಟಿಯಾಗುತ್ತಿದ್ದೆವು, ಮದುವೆ ಮುಂಜಿಗಳಲ್ಲಿ. ಸಮುದ್ರದ ಮಾತು ನಮ್ಮಿಬ್ಬರ ನಡುವೆ ಬರುತ್ತಲೇ ಇರಲಿಲ್ಲ. ಅವನಿಗೆ ಬಲಗಿವಿ ಕೇಳುತ್ತಿರಲಿಲ್ಲವಾದ್ದರಿಂದ ನಾನು ಆ ವಿಷಯ ಎತ್ತುತ್ತಿರಲಿಲ್ಲ. ಅವನು ಯಾಕೆ ಎತ್ತುತ್ತಿರಲಿಲ್ಲವೆಂದು ನಾನು ಕೇಳಿಕೊಳ್ಳಲಿಲ್ಲ.

ಅವನ ಮಗಳು ಹತ್ತನೆಯದು ಮುಗಿಸಿ ವಿಜ್ಞಾನ ಓದಲು ಗೋಕಾಕಕ್ಕೆ ಬಂದಳು. ಅವಳ ಸೋದರತ್ತೆಯ ಮನೆ ಅಲ್ಲಿತ್ತು. ನನ್ನ ತರಗತಿಗೇ ಸೇರಿದಳು. ಮೀನಿನ ಪಾಠ ಬಂದ ದಿನ ಅವಳು ಎರಡನೆಯ ಬೆಂಚಿನಲ್ಲಿ ಕುಳಿತಿದ್ದಳು. ಅವಳಿಗಾಗಿ ನಾನು ಅವತ್ತು ಕಥೆಯನ್ನು ಇನ್ನಷ್ಟು ಉಬ್ಬಿಸಿ ಹೇಳಿದೆನೆಂದು ಕಾಣುತ್ತದೆ. “ಇದರಾಗ ನಿಮ್ಮಪ್ಪನೂ ಇದ್ದ” ಎಂದೂ ಸೇರಿಸಿದೆ. “ದೋಣ್ಯಾಗ ಕುಂತು ನನ್ನ ಕಾಯಾಕತ್ತಿದ್ದ.” ಹುಡುಗರು ಅವಳತ್ತ ತಿರುಗಿ ನೋಡಿದರು. ಅವಳು ಹೆಮ್ಮೆಯಿಂದ ತಲೆ ತಗ್ಗಿಸಿದಳು ಅಂದುಕೊಂಡೆ.

ಆ ಭಾನುವಾರ ಅವನು ಬಂದ. ಮುಂಚೆ ಹೇಳಿರಲಿಲ್ಲ. ಬಿಳಿ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಚೀಲ. ನನ್ನ ಹೆಂಡತಿ, “ಬರ್ರಿ ಅಣ್ಣಾರ, ಕುಂದರ್ರಿ, ಮಗಳನ್ನ ನೋಡಾಕ ಬಂದ್ರೇನು” ಎಂದು ಚಹಾಕ್ಕೆ ಇಟ್ಟಳು. ಅವನು ಅಭ್ಯಾಸದಂತೆ ನಾನು ಎಡಕ್ಕೆ ಬರುವ ಹಾಗೆ ಕುರ್ಚಿ ಸರಿಸಿಕೊಂಡು ಕುಳಿತ.

“ಏನಪಾ ಪಂಡಿತ,” ಎಂದ. ಜೈನನೆಂದು ಅವನು ಧಾರವಾಡದಿಂದಲೂ ನನ್ನನ್ನು ಹಾಗೇ ಕರೆಯುತ್ತಿದ್ದ. “ಮೀನಿನ ಪಾಠ ಛಲೋ ಆತಂತ.”

“ಹೇಳಿದ್ಳೇನು ಮಗಳು?”

“ಹೇಳಿದ್ಳು. ಆಕಿ ಸಣ್ಣಾಕಿ ಇದ್ದಾಗಿಂದ ನಾ ಆಕಿಗೆ ಒಂದು ಮೀನಿನ ಕಥಿ ಹೇಳಿ ಮಲಗಸ್ತಿದ್ನಿ. ಮೊನ್ನೆ ಫೋನ್ ಮಾಡಿ ಕೇಳಿದ್ಳು. ಅಪ್ಪಾ, ಆ ಮೀನ ನೀ ನೋಡಿದ್ದೋ, ಸರ್ ನೋಡಿದ್ದೋ ಅಂತ.”

ನಾನು ನಕ್ಕೆ. ಅವನು ನಗಲಿಲ್ಲ.

“ಸಾಹುಕಾರ, ನಿನಗ ನಾನ ಹೇಳಿರಬೇಕು. ನೀ ಮಗಳಿಗೆ ಹೇಳಿರಬೇಕು” ಎಂದೆ.

“ಲೇ, ಆ ಸಂಜಿ ಇಳದಾಂವ ನಾ.”

“ನಿನಗ ನೆಗಡಿ ಇತ್ತು. ಅದಲಾಬದಲಿ ಆಗಿತ್ತು.”

“ಮಾತಾಡಿದ್ದು ಖರೆ. ಆಗಲಿಲ್ಲ.” ಅವನು ಬೆರಳು ಮಡಚಲಿಲ್ಲ, ದನಿ ಏರಿಸಲಿಲ್ಲ, ಗಿರಾಕಿಗೆ ಅರಿವೆ ಬಿಚ್ಚಿ ತೋರಿಸುವವನಂತೆ ಒಂದೊಂದೇ ಮಡಿಕೆ ತೆಗೆದ. “ಅವತ್ತ ಮಧ್ಯಾಹ್ನ ಅಡಗಿ ಮಾಡಾಂವ ಬ್ಯಾಳ್ಯಾಗ ಮೀನಿನ ಸೌಟ ಅದ್ದಿದ್ದ. ಇಬ್ರೂ ಉಂಡಿರಲಿಲ್ಲ. ನನಗ ರಾತ್ರಿ ಉಂಡ್ರ ನಡೀತಿತ್ತು. ನೀ ಇಳದ್ರ ಎರಡು ಹೊತ್ತಿನ ಉಪವಾಸ ಆಗತಿತ್ತು. ನಾನ ಅಂದ್ನಿ, ನೀ ಇಲ್ಲೇ ದೋಣ್ಯಾಗ ಏನರೆ ತಿನ್ನು, ನಾ ಹೊಕ್ಕೇನಿ ಅಂತ. ನೀ ಬ್ಯಾಡ ಬ್ಯಾಡ ಅಂದಿ. ಹೊಂಟೇ ಬಿಟ್ನಿ.”

“ಹಂಗ ಆಗಿರಾಕ ಸಾಧ್ಯ ಇಲ್ಲ.”

“ನೀ ಸಂಜಿ ಇಳದ ದಿನ ರಾತ್ರಿ ಹೊಟ್ಟಿ ಹಿಡ್ಕೊಂಡು ಮಲಗತಿದ್ದಿ. ಆ ರಾತ್ರಿ ನಾ ಕಿವಿ ಹಿಡ್ಕೊಂಡು ಮಲಗಿದ್ನಿ. ನೀ ಗೊರಕಿ ಹೊಡದಿ.”

ನಾನು ವಾದಕ್ಕಿಳಿದೆ. ಅದು ನನ್ನ ಚಟ. ನೆನಪೆಂಬುದು ತೆಗೆದಾಗೊಮ್ಮೆ ಹೊಸದಾಗಿ ಕಟ್ಟಿಕೊಳ್ಳುವ ವಸ್ತು. ನೋವು ತಿಂದವನ ನೆನಪಿನಲ್ಲಿ ನೋವಿನ ದಿನವೇ ಎಲ್ಲವೂ ಒಟ್ಟಾಗಿಬಿಡುತ್ತದೆ. ನಿನ್ನ ಕಿವಿ ಹರಿದ ದಿನಕ್ಕೆ ನನ್ನ ಮೀನನ್ನು ನೀನು ಅಂಟಿಸಿಕೊಂಡಿರಬಹುದು. ಹೀಗೆಲ್ಲ ಹೇಳಿದೆ. ಕೇಳೋಣವೆಂದರೆ ಆ ಗೋವೆಯ ವಿಜ್ಞಾನಿ ತೀರಿಕೊಂಡಿದ್ದರು. ಇದ್ದಿದ್ದರೂ ಅವರು ಕೆಳಗೆ ಅಳತೆಯ ಪಟ್ಟಿಯ ಮೇಲೆ ಬಗ್ಗಿರುತ್ತಿದ್ದರೇ ಹೊರತು ಅತ್ತಿತ್ತ ನೋಡುತ್ತಿರಲಿಲ್ಲ. ನೀರಿನಡಿ ಬರೆಯುವ ಹಲಗೆಯನ್ನು ದಿನವೂ ಅಳಿಸುತ್ತಿದ್ದೆವು. ದೋಣಿಯವನು ಎಲ್ಲಿದ್ದನೋ ಇಬ್ಬರಿಗೂ ಗೊತ್ತಿರಲಿಲ್ಲ. ಸಾಕ್ಷಿಯೆಂದರೆ ನಾವಿಬ್ಬರೇ, ಮತ್ತು ಇಬ್ಬರೂ ಪಕ್ಷಗಾರರು.

ಅವನು ಕೊನೆಯವರೆಗೆ ಕೇಳಿಸಿಕೊಂಡ. ಆಮೇಲೆ, “ಮೈ ಯಾವ ಬಣ್ಣ ಇತ್ತು?” ಎಂದ.

“ಕೆಂಪು. ರೆಕ್ಕಿ ಅಂಚು ನೀಲಿ.”

“ಲೇ ಮಾಸ್ತರ. ಅಷ್ಟು ಕೆಳಗ, ಹೊತ್ತು ಮುಳಗೂ ಮುಂದ, ಬ್ಯಾಟರಿ ಇಲ್ಲದ ನಿನಗ ಕೆಂಪು ಎಲ್ಲಿ ಕಾಣಸ್ತು?”

ನೀರು ಎಲ್ಲಕ್ಕಿಂತ ಮೊದಲು ನುಂಗುವುದು ಕೆಂಪನ್ನು. ಇಳಿದಂತೆ ಕೆಂಪು ಕಂದಾಗುತ್ತದೆ, ಕಂದು ಕಪ್ಪಾಗುತ್ತದೆ. ಕೈ ಕೊಯ್ದುಕೊಂಡರೆ ರಕ್ತ ಕೂಡ ಹಸಿರುಗಪ್ಪು. ಇದನ್ನು ನಾನು ಅದೇ ಹುಡುಗರಿಗೆ, ಅದೇ ತಿಂಗಳಲ್ಲಿ, ಬೇರೊಂದು ಪಾಠದಲ್ಲಿ ಹೇಳಿಕೊಡುತ್ತಿದ್ದೆ. ಎರಡೂ ಪಾಠ ನನ್ನ ತಲೆಯಲ್ಲಿ ಎಂದೂ ಎದುರುಬದುರಾಗಿರಲಿಲ್ಲ.

“ನಾ ನೋಡಿದ್ದು ಕಪ್ಪ ಕಪ್ಪ ಇತ್ತು,” ಎಂದ ಅವನು. “ಹುಣಸಿಬೀಜದ ಬಣ್ಣ. ಅಂಚಿಗೆ ನೀಲಿ. ಆ ನೀಲಿ ಅಷ್ಟ ಕಾಣತಿತ್ತು. ಮೀನ ಇಲ್ಲ, ಬರೇ ನೀಲಿ ಗೆರಿ ಎರಡು ಒಂದನ್ನೊಂದು ಸುತ್ತಿಧಂಗ.”

ಆಗ ಹೆಂಡತಿ ಚಹಾ ತಂದಳು. ಕಪ್ಪುಬಸಿ ಇಡುತ್ತ, ಬಾಗಿಲ ಮರೆಯಲ್ಲಿ ಎಲ್ಲ ಕೇಳಿಸಿಕೊಂಡವಳಂತೆ, ಸಹಜವಾಗಿ ಹೇಳಿದಳು: “ಲಗ್ನ ಆದ ಹೊಸದಾಗ ಕರದಂಟ ತಿನ್ನೂಮುಂದ ಹೇಳ್ತಿದ್ರಲ್ರಿ. ದೋಣ್ಯಾಗ ಕುಂತು ಅವ್ವ ಕಟ್ಟಿಕೊಟ್ಟ ಕರದಂಟ ತಿಂದಿದ್ದು, ಹೊತ್ತು ಮುಳುಗೂದ್ರಾಗ ಮುಗಸಬೇಕಂತ ಗಬಾಗಬಾ ನುಂಗಿದ್ದು. ಅದು ಬ್ಯಾರೆ ದಿನಾ ಏನು?”

“ಕೇಳ್ರಿ ವೈನಿ, ನೀವ ಕೇಳ್ರಿ” ಎಂದ ಅವನು.

ಬೇರೆ ದಿನವೇ ಎಂದು ಹೇಳಲು ಬಾಯಿ ತೆರೆದೆ. ಆದರೆ ಗೋಕಾಕದ ಕರದಂಟು ಒಂದೇ ಒಂದು ಡಬ್ಬಿ ಬಂದಿತ್ತು, ಊರಿಂದ ತಂದ ಹಾಗೆಯೇ ಬಟ್ಟೆ ಸುತ್ತಿ ಇಟ್ಟಿದ್ದೆ, ಮತ್ತು ಅದನ್ನು ಬಿಚ್ಚಿದ್ದು ದೋಣಿಯಲ್ಲಿ, ಸಂಜೆ ಅವನು ಇಳಿದು ನಾನು ಮೇಲೆ ಉಳಿದ ಒಂದೇ ಸಲ. ಬೆಲ್ಲವೂ ಅಂಟೂ ಹಲ್ಲಿಗೆ ಹತ್ತಿಕೊಂಡಿದ್ದವು. ಸೂರ್ಯ ನೀರಿಗೆ ತಾಗಿಬಿಟ್ಟಿದ್ದರಿಂದ ಬಾಯಿ ಮುಕ್ಕಳಿಸಿ ಕುಡಿಯಲು ಆಗಿರಲಿಲ್ಲ. ಆ ಜಿಗುಟು ಬಾಯಿಯಲ್ಲಿ ನಾನು ಗುಳ್ಳೆಗಳನ್ನು ನೋಡುತ್ತಿದ್ದೆ. ಗುಳ್ಳೆ. ಇದು ನನಗೆ ಆ ಕ್ಷಣದಲ್ಲಿ ಬಂತು, ಯಾರೋ ಒಳಗಿನಿಂದ ಬಾಗಿಲು ತಳ್ಳಿದ ಹಾಗೆ. ಅಥವಾ ಹೆಂಡತಿ ಹೇಳಿದ್ದರಿಂದ ಅದೂ ಈಗಷ್ಟೇ ಕಟ್ಟಿಕೊಂಡದ್ದೋ. ನನಗೆ ಈ ಎರಡರ ನಡುವೆ ವ್ಯತ್ಯಾಸ ಮಾಡುವ ಉಪಾಯ ತಿಳಿಯದು. ಆದರೂ ನಂಬಿಕೆಯಿಲ್ಲದ ಒಂದು ವ್ರತ ನನ್ನ ಮೇಲೆ ಸಾಕ್ಷಿ ಹೇಳಿತ್ತು, ಮತ್ತು ನನ್ನ ಓದೆಲ್ಲ ಸೇರಿ ಅದಕ್ಕೊಂದು ಪಾಟೀಸವಾಲು ಹಾಕಲಾರದೆ ಹೋಯಿತು.

“ಇರಬಹುದು” ಎಂದೆ. ಸೋತಾಗ ನಾನು ಬಳಸುವ ಮಾತು ಅದೇ.

ಅವನು ಚಹಾ ಕುಡಿದು ಮುಗಿಸಿದ. “ಕಿವಿ ಹೋತು, ಹೋಗ್ಲಿ” ಎಂದ. “ಅದಕ್ಕ ನಿನಗ ಒಂದ ದಿನ ಏನರೆ ಅಂದೇನೇನು? ನಾನ ಹೊಂಟಿದ್ದೆ, ನಂದ ತಪ್ಪು. ಕಿವಿ ಬದಲಿ ನನಗ ಮೀನ ಸಿಕ್ಕಿತ್ತು. ಹಗಲೆಲ್ಲಾ ಬ್ಲೌಸ್ ಪೀಸ್ ಹರದು ಕೊಟ್ಟು ಸಂಜಿ ಅಂಗಡಿ ಬಾಗಲಾ ಹಾಕೂಮುಂದ ಒಂದು ಗಳಿಗಿ ಕಣ್ಣ ಮುಚ್ಚಿದ್ರ ಬರತಿತ್ತು. ನೀ ಎಷ್ಟ ಸಲ ಇಳದೀಯೋ ಏನೋ. ನನಗ ಸಂಜಿ ಅಂತ ಇದ್ದದ್ದು ಅದೊಂದ. ಅದನ್ನೂ ನೀ ತಗೊಂಡಿ.”

ಎದ್ದು ಚಪ್ಪಲಿ ಮೆಟ್ಟಿದ. ಬಾಳೆಹಣ್ಣಿನ ಚೀಲ ಮೇಜಿನ ಮೇಲೆಯೇ ಇತ್ತು.

ಆಮೇಲಿನ ವಾರಗಳಲ್ಲಿ ಅವನ ಮಗಳು ತರಗತಿಯಲ್ಲಿ ನನ್ನ ಮುಖ ನೋಡುತ್ತಿರಲಿಲ್ಲ. ಕಪ್ಪುಹಲಗೆ ನೋಡುವಳು, ಪುಸ್ತಕ ನೋಡುವಳು. ಕೇಳಿದ್ದಕ್ಕೆ ಉತ್ತರ ಕೊಡುವಳು, ಸರಿಯಾದ ಉತ್ತರ. ಮೊದಲ ಕೆಲವು ದಿನ ನನಗೆ ಅವನ ಮೇಲೆ ಸಿಟ್ಟಿತ್ತು. ಒಂದು ಮೀನು, ಅದೂ ಹೆಬ್ಬೆರಳುದ್ದದ್ದು. ಇಷ್ಟು ವರ್ಷ ಅದನ್ನು ಮಾತಿನಲ್ಲಿ ಸಾಕಿದವನು ನಾನು. ಅವನಂತೆ ಸುಮ್ಮನೆ ಕಣ್ಣುಮುಚ್ಚಿ ಇಟ್ಟುಕೊಂಡಿದ್ದರೆ ಅದನ್ನು ಯಾರು ಬಲ್ಲರು? ಹೀಗೆ ನನ್ನೊಳಗೇ ಮೊಕದ್ದಮೆ ನಡೆಸಿದೆ, ಗೆದ್ದೆ ಕೂಡ. ಗೆದ್ದ ಮೇಲೆ ಕಣ್ಣುಮುಚ್ಚಿ ಮೀನನ್ನು ಕರೆದೆ. ಬಂತು. ಆದರೆ ಅದರ ಹಿಂದೆ ತರಗತಿಯ ಕಿಟಕಿ ಕಾಣುತ್ತಿತ್ತು, ಹುಡುಗರ ತೆರೆದ ಬಾಯಿ ಕಾಣುತ್ತಿತ್ತು. ಮೀನಿನ ಸುತ್ತ ನೀರಿರಲಿಲ್ಲ.

ಮೂಡಲಗಿಗೆ ಹೋದಾಗ ಅವ್ವ ಹಿತ್ತಲಿನ ಬಾವಿಯ ಕಟ್ಟೆಯ ಮೇಲಿದ್ದಳು. ನಲ್ಲಿ ಬಂದು ವರ್ಷಗಳಾದರೂ ಕುಡಿಯುವ ನೀರು ಅವಳಿಗೆ ಬಾವಿಯದೇ ಆಗಬೇಕು. ಕೊಡದ ಬಾಯಿಗೆ ಎರಡು ಪದರ ದಪ್ಪ ಬಟ್ಟೆ ಹಾಕಿ ಸೋಸಿದಳು. ಆಮೇಲೆ ಆ ಬಟ್ಟೆಯನ್ನು ಒಳಮಗ್ಗುಲು ಹೊರಗಾಗಿ ತಿರುಗಿಸಿ, ಸೋಸಿದ ನೀರಿನಿಂದಲೇ ಜಾಲಾಡಿಸಿ, ಆ ನೀರನ್ನು ಸಣ್ಣ ಬಿಂದಿಗೆಯಲ್ಲಿ ಹಿಡಿದು, ಹಗ್ಗ ಕಟ್ಟಿ ಬಾವಿಯೊಳಗೆ ಇಳಿಸಿ ನೀರಿನ ಮಟ್ಟದಲ್ಲೇ ಮಗುಚಿದಳು. ಬಟ್ಟೆಗೆ ಸಿಕ್ಕ ಕಣ್ಣಿಗೆ ಕಾಣದ ಜೀವಗಳನ್ನು ಅವು ಬಂದ ನೀರಿಗೇ ಬಿಡಬೇಕು. ಬೇರೆ ಬಾವಿಗೆ ಬಿಟ್ಟರೆ ಬದುಕಲಾರವು. ಮೇಲಿನಿಂದ ಸುರಿದರೆ ಪೆಟ್ಟಾಗುತ್ತದೆ. ಇದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಓದಿದ ಮೇಲೆ ಅಣಕಿಸಿದ್ದೇನೆ. ಸೂಕ್ಷ್ಮದರ್ಶಕದಲ್ಲಿ ಆ ಬಟ್ಟೆಯ ನೀರನ್ನು ಇಟ್ಟು, ಎಷ್ಟು ಸತ್ತಿವೆ ನೋಡು ಎಂದು ಅವಳಿಗೆ ತೋರಿಸಿದ್ದೂ ಉಂಟು. “ಸತ್ತಾವು ಸಾಯ್ಲಿ. ಬಿಡೂದು ನನ್ನ ಕೆಲಸ” ಎಂದಿದ್ದಳು.

ಮರುದಿನ ನಾನು ಹುಕ್ಕೇರಿಯ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅವನು ಗಾದಿಯ ಮೇಲೆ ಕುಳಿತು ಅರಿವೆಯ ಥಾನು ಸುತ್ತುತ್ತಿದ್ದ. ನನ್ನನ್ನು ನೋಡಿ ಅಚ್ಚರಿಪಡಲಿಲ್ಲ, ಸಂತೋಷವನ್ನೂ ತೋರಿಸಲಿಲ್ಲ. “ಕುಂದರು. ಈ ಬಾಜೂ ಬಾ” ಎಂದು ಎಡಗಡೆ ತೋರಿಸಿದ.

ಪೀಠಿಕೆ ಹಾಕಬಾರದೆಂದು ದಾರಿಯುದ್ದಕ್ಕೂ ನಿರ್ಧರಿಸಿಕೊಂಡಿದ್ದೆ. “ಅದು ನಿಂದ” ಎಂದೆ. “ಇಳದಾಂವ ನೀ, ನೋಡಿದಾಂವ ನೀ. ನಾ ದೋಣ್ಯಾಗ ಇದ್ನಿ. ಕ್ಲಾಸಿನ್ಯಾಗೂ ಹಂಗ ಹೇಳತೇನಿ, ನಿನ್ನ ಮಗಳ ಮುಂದ.”

ಅವನು ಥಾನಿನ ತುದಿಯನ್ನು ಒಳಗೆ ಸಿಕ್ಕಿಸಿ ಅದನ್ನು ಕಪಾಟಿನಲ್ಲಿಟ್ಟ. ಇನ್ನೊಂದನ್ನು ಎತ್ತಿಕೊಂಡ.

“ಖರೇನ ನೆನಪಾತೋ, ಸಾಕು ಅನಿಸ್ತೋ?”

ನಾನು ಸುಳ್ಳು ಹೇಳಬಹುದಿತ್ತು. “ಗೊತ್ತಿಲ್ಲ” ಎಂದೆ.

“ಅದು ಖರೆ ಮಾತು,” ಎಂದ ಅವನು, ಮೊದಲ ಸಲ ಸ್ವಲ್ಪ ನಕ್ಕ. “ಹೇಳಬ್ಯಾಡ ಬಿಡು ಕ್ಲಾಸಿನ್ಯಾಗ. ಉಪಯೋಗಿಲ್ಲ. ನಿನ್ನ ಮನಿಯಿಂದ ಬಂದ ರಾತ್ರಿ ಕಣ್ಣ ಮುಚ್ಚಿ ನೋಡಿದ್ನಿ. ಬಂತು. ಕೆಂಪಗಿತ್ತು.”

“ಏನು?”

“ಕೆಂಪು. ಕೆಂಡಧಂಗ. ನೀ ಹೇಳಿದ ಮಾತಿನ್ಯಾಗನ. ನಿನ್ನ ಮಾತು ಮಗಳ ಬಾಯಿಂದ ಕೇಳಿದ್ನಿ, ನಿನ್ನ ಬಾಯಿಂದ ಕೇಳಿದ್ನಿ. ಹುಣಸಿಬೀಜ ಹುಣಸಿಬೀಜ ಅಂತ ದಿನಾ ಹೇಳ್ಕೋತೇನಿ, ಬಾಯಿ ಹೇಳತೈತಿ, ಕಣ್ಣಿಗೆ ಕೆಂಪನ ಬರತೈತಿ. ಈ ಅರಿವಿಗೆ ಬಣ್ಣ ಹತ್ತಿದಂಗ ಆಗೇತಿ. ಒಗದ್ರ ಹೋಗವಲ್ತು.”

ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರು ಹಾದುಹೋಯಿತು. ಅದರ ಸದ್ದು ಅಡಗುವವರೆಗೆ ಅವನು ಕಾದ. ಸದ್ದಿದ್ದಾಗ ಅವನಿಗೆ ಎಡಗಿವಿಯೂ ಕೆಲಸ ಮಾಡುತ್ತಿರಲಿಲ್ಲ. ಆಮೇಲೆ ನನ್ನತ್ತ ಬಾಗಿ, ಏನೋ ವ್ಯವಹಾರದ ಮಾತು ಕೇಳುವವನಂತೆ ಮೆಲ್ಲಗೆ ಕೇಳಿದ.

“ಒಂದ ಮಾತ ಹೇಳು. ಅವತ್ತ ನಾ ಮ್ಯಾಲ ಬಂದ ಕೂಡಲೇ ದೋಣ್ಯಾಗ ನಿನಗ ಎಲ್ಲಾ ಹೇಳಿದ್ನಿ. ಕಿವ್ಯಾಗಿಂದ ರಕ್ತ ಬರಾಕತ್ತಿತ್ತು, ಆದರೂ ಹೇಳಿದ್ನಿ. ದಂಡಿಗೆ ಬರೂತನಕ ಹೇಳಿದ್ನಿ. ಅಲ್ಲಿ ನಮ್ಮ ಮಾತು ತಿಳದು ಅದನ್ನ ಕೇಳಿದಾಂವ ನೀ ಒಬ್ಬನ. ಏನಂತ ಹೇಳಿದ್ನಿ ನಾ? ನನ್ನ ಮಾತಿನ್ಯಾಗ ಹೇಳು. ಒಂದು ಸಲ ಕೇಳಿದ್ರ ಹಳೇದು ಬಂದೀತು.”

ನಾನು ಕಣ್ಣುಮುಚ್ಚಿದೆ. ನಿಜವಾಗಿ ಪ್ರಯತ್ನಿಸಿದೆ, ಇಷ್ಟು ಪ್ರಾಮಾಣಿಕವಾಗಿ ನಾನು ಬೇರೆ ಯಾವುದಕ್ಕೂ ಪ್ರಯತ್ನಿಸಿದ್ದು ನೆನಪಿಲ್ಲ. ದೋಣಿ ಬಂತು. ಇಂಜಿನಿನ ಎಣ್ಣೆಯ ವಾಸನೆ ಬಂತು. ಅವನ ಒದ್ದೆ ಮುಖ, ಕಿವಿಯ ಮೇಲಿಟ್ಟ ಕೈ, ರಟ್ಟೆಗೆ ಕಟ್ಟಿದ ಲಿಂಗದ ವಸ್ತ್ರ ರಬ್ಬರಿನ ಅಂಗಿಯೊಳಗೆ ಉಬ್ಬಿಕೊಂಡಿದ್ದದ್ದು, ಅವನ ತುಟಿಗಳು ಒಂದೇ ಸಮನೆ ಆಡುತ್ತಿದ್ದದ್ದು, ಎಲ್ಲ ಬಂತು. ಅವನು ಏನು ಹೇಳುತ್ತಿದ್ದನೆಂಬುದು ಬರಲಿಲ್ಲ. ಅವನ ಮಾತಿರಬೇಕಾದ ಜಾಗದಲ್ಲಿ ನನ್ನದೇ ದನಿ ಕೇಳುತ್ತಿತ್ತು, ಕೆಂಡದಂಥ ಕೆಂಪು ಮೈ, ರೆಕ್ಕೆಯಂಚಿಗೆ ನೀಲಿ ದಾರ ಎಂದು, ಸೀಮೆಸುಣ್ಣ ಕೆಳಗಿಟ್ಟ ದನಿ.

“ಬಂತೇನು?” ಎಂದ ಅವನು.

ಹಲ್ಲಿಗಂಟಿದ ಬೆಲ್ಲದ ರುಚಿ ಬಂದಿತ್ತು. ಅದನ್ನು ಅವನಿಗೆ ಹೇಳಲಿಲ್ಲ.